ದೊಡ್ಡದಾದ ಎದೆಗೂಡು

ನಾಯಿಯ ಫೋಟೊ ಒಂದನ್ನು ಎದುರಿಗಿಟ್ಟುಕೊಂಡು, ಅದರ ದೇಹವನ್ನು ಗೋಳ, ಸಿಲಿಂಡರುಗಳಂಥ ಸರಳ ಘನಾಕೃತಿಗಳಿಂದ ಕಟ್ಟುತ್ತ ಕಾಗದದ ಮೇಲೆ ಚಿತ್ರಿಸುತ್ತಿದ್ದಾಗ ಎದೆಗೂಡಿಗೆಂದು ಹಾಕಿದ ಮೊಟ್ಟೆಯಾಕಾರ ಅಗತ್ಯಕ್ಕಿಂತ ದೊಡ್ಡದಾಗಿಬಿಟ್ಟಿತು. ಕೈಯಲ್ಲಿದ್ದುದು 0.5 ಮಿ.ಮೀ. ಮೊನೆಯ ಶಾಯಿ ಪೆನ್ನು, ಅಳಿಸುವಂತಿರಲಿಲ್ಲ. ಆ ಮೊಟ್ಟೆಯೊಳಗೇ ಚಿಕ್ಕದೊಂದು ಹೊರರೇಖೆ ಎಳೆದು, ಹಳೆಯದು ಅಲ್ಲಿಲ್ಲವೆಂಬಂತೆ ಮುಂದುವರಿದೆ. ಅಳತೆ ಫೋಟೊಗೆ ಹೊಂದಿತು, ಆದರೆ ನಾಯಿ ರಟ್ಟಿನಿಂದ ಕತ್ತರಿಸಿಟ್ಟ ಬೊಂಬೆಯಂತೆ ಚಪ್ಪಟೆಯಾಯಿತು.

ಕಾರಣ ಹೊಳೆಯಲು ನನಗೆ ಬಹಳ ದಿನ ಹಿಡಿಯಿತು. ಹೊರರೇಖೆಯೆಂದರೆ ಉಬ್ಬಿದ ಮೈ ನಮ್ಮ ಕಣ್ಣಿಗೆ ಮರೆಯಾಗಿ ಆಚೆಗೆ ತಿರುಗುವ ಅಂಚು. ಮೈಯನ್ನು ಮುಟ್ಟದೆ ಅಂಚನ್ನಷ್ಟೇ ಒಳಕ್ಕೆ ಸರಿಸಿದರೆ, ಒಂದೇ ವಸ್ತುವಿನ ಬಗ್ಗೆ ಪರಸ್ಪರ ಒಪ್ಪದ ಎರಡು ಮಾತುಗಳನ್ನು ನೋಡುವವರ ಮುಂದಿಟ್ಟಂತಾಗುತ್ತದೆ.

ಆದ್ದರಿಂದ ಈಗ ಕಾಗದದ ಮೇಲೆ ಬಿದ್ದ ಪ್ರತಿಯೊಂದು ಆಕೃತಿಯನ್ನೂ ಜೇಡಿಮಣ್ಣಿನ ಉಂಡೆಯೆಂದೇ ಎಣಿಸುತ್ತೇನೆ. ಎದೆ ದೊಡ್ಡದಾಯಿತೇ, ಭುಜವನ್ನೂ ಹೊಟ್ಟೆಯನ್ನೂ ಅದಕ್ಕೆ ತಕ್ಕಂತೆ ಬೆಳೆಸುತ್ತೇನೆ; ಅದು ಫೋಟೊದಲ್ಲಿರುವ ನಾಯಿಯಾಗದೆ ತುಸು ಸ್ಥೂಲವಾದ ಬೇರೊಂದು ನಾಯಿಯಾಗುತ್ತದೆ, ಆದರೆ ನಾಯಿಯಾಗಿಯೇ ಉಳಿಯುತ್ತದೆ. ಕಡಿಮೆ ಮಾಡಲೇಬೇಕೆಂದಿದ್ದರೆ, ಮಣ್ಣನ್ನು ಚಾಕುವಿನಿಂದ ಕೊಯ್ದಂತೆ, ಗೆರೆ ಆ ಮೈಯ ಉಬ್ಬುತಗ್ಗುಗಳನ್ನು ಅನುಸರಿಸಿ ಸುತ್ತಿ ಬರಬೇಕು. ಪೆಟ್ಟಿಗೆಯಂಥ ಆಕಾರಗಳಲ್ಲಿ ಇದು ಸಾಧ್ಯ, ಉರುಟಾದ ದೇಹಗಳಲ್ಲಿ ಕಷ್ಟ. ಕಳೆಯುವುದಕ್ಕಿಂತ ಕೂಡಿಸುವುದೇ ಸುಲಭವಾದ್ದರಿಂದ ಮೊದಲ ಉಂಡೆಗಳನ್ನು ಬೇಕೆಂದೇ ಚಿಕ್ಕದಾಗಿ ಹಾಕಿ, ಆಮೇಲೆ ಸ್ನಾಯುಗಳ ಮುದ್ದೆಗಳನ್ನು ಮೆತ್ತುತ್ತೇನೆ. ಹಾಗೆ ಮೆತ್ತಿದ ಮುದ್ದೆ ಯಾವುದಕ್ಕೂ ತಾಗದ ಕಡೆ ಹೊರಕ್ಕೆ ಉಬ್ಬಿರಬೇಕು, ಕೆಳಗಿನ ಆಕೃತಿಗೆ ಒತ್ತಿಕೊಂಡ ಕಡೆ ಆ ಮೈಗೆ ಹೊಂದಿ ಒಳಕ್ಕೆ ಬಾಗಿರಬೇಕು; ಇದನ್ನು ಮರೆತಾಗಲೆಲ್ಲ ಅದು ಅಂಟಿಸಿದ ಸ್ಟಿಕ್ಕರಿನಂತೆ ಕಾಣುತ್ತದೆ.

ಕೈ ನಡುಗಿ ಗೆರೆ ಸೊಟ್ಟಗಾದರೆ ನನಗೆ ಚಿಂತೆಯಿಲ್ಲ, ಅಭ್ಯಾಸದಿಂದ ಅದು ಸರಿಹೋದೀತು. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ತೀಡುವ ಚಟವನ್ನು ಮಾತ್ರ ಬಿಡಬೇಕು, ಏಕೆಂದರೆ ದಪ್ಪಗಾದ ತಪ್ಪೇ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಕಣ್ಣಿನ ತಪ್ಪು ಹೆಚ್ಚು ಹಟಮಾರಿ. ಫೋಟೊದಿಂದ ದೃಷ್ಟಿ ತೆಗೆದ ಕೆಲವೇ ಕ್ಷಣಗಳಲ್ಲಿ ನೋಡಿದ್ದು ಮಾಸಿ, ನಾಯಿಯ ಕಾಲೆಂದರೆ ಹೀಗಿರುತ್ತದೆ ಎಂಬ ಪೂರ್ವಕಲ್ಪನೆ ಕೈಯನ್ನು ನಡೆಸತೊಡಗುತ್ತದೆ. ಹೀಗಾಗಿ ಒಂದೆರಡು ಗೆರೆಗಳಿಗೊಮ್ಮೆ ಫೋಟೊದತ್ತ ತಿರುಗುತ್ತೇನೆ. ಕಾಲುಗಳಿಗಿಂತ ಹೆಚ್ಚಾಗಿ ಅವುಗಳ ನಡುವಣ ಖಾಲಿ ಜಾಗದ ಆಕಾರವನ್ನು ಗಮನಿಸುತ್ತೇನೆ, ಏಕೆಂದರೆ ಅದರ ಬಗ್ಗೆ ನನ್ನ ಮನಸ್ಸಿನಲ್ಲಿ ಯಾವ ಸಿದ್ಧಚಿತ್ರವೂ ಇರುವುದಿಲ್ಲ.

ಚಿತ್ರ ಮುಗಿದ ಮೇಲೆ, ಅದಕ್ಕೂ ಮೊದಲಲ್ಲ, ಫೋಟೊದ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಅದೇ ಆಕೃತಿಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಹೋಲಿಸುತ್ತೇನೆ. ನಾಯಿಯ ಎದೆಗೂಡು ಮುಂಡದ ಉದ್ದದ ಸುಮಾರು ಅರ್ಧದಷ್ಟಿರುತ್ತದೆ ಎಂಬುದು ತಿಳಿದಿದ್ದರೂ ನನ್ನ ಹಾಳೆಗಳಲ್ಲೆಲ್ಲ ಅದು ಅರ್ಧವನ್ನು ಮೀರಿ ಸೊಂಟದತ್ತ ಸಾಗಿರುವುದು ಆಗ ಬಯಲಾಯಿತು. ಇಂದು ಹಾಕಿದ ನಾಯಿಯ ಎದೆ ಸರಿಯಾಗಿದೆ. ಕುತ್ತಿಗೆ ಉದ್ದವಾಗಿದೆ, ತಲೆಯನ್ನು ಅದರ ತುದಿಯಲ್ಲೇ ಕೂರಿಸಿದ್ದೇನೆ.