ಕಿತ್ತಳೆ ಹಾಕದ ಬಿಯರಿಗೆ ಕಿತ್ತಳೆ ಘಮ

ಜರ್ಮನಿಯ ಬವೇರಿಯಾ ರಾಜ್ಯಕ್ಕೆ ಬಂದ ಹೊಸತರಲ್ಲಿ ಒಂದು ಸಣ್ಣ ಬ್ರೂವರಿಯಲ್ಲಿ ಬಿಯರ್ ಕುಡಿದು, "ಕಿತ್ತಳೆ ಸಿಪ್ಪೆ ಹಾಕಿದ್ದೀರಾ?" ಅಂತ ಕೇಳಿದ್ದೆ. ಅಲ್ಲಿನ ಹಿರಿಯರು ಇಲ್ಲ ಅಂದರು. ಒಳಗೆ ಹೋಗಿ, ಬಿಯರಿಗೆ ಕಹಿ ಮತ್ತು ಘಮ ಕೊಡುವ ಹಾಪ್ಸ್ ಬಳ್ಳಿಯ ಒಣಗಿದ ಹೂ ತಂದು ನನ್ನ ಅಂಗೈಗೆ ಹಾಕಿದರು. "ಉಜ್ಜಿ ನೋಡಿ." ಉಜ್ಜಿದೆ. ಹಳದಿ ಪುಡಿ ಮೆತ್ತಿಕೊಂಡು ಕೈಯೆಲ್ಲ ಅಂಟಂಟು. ಮೂಸಿದರೆ, ಆಗಷ್ಟೇ ಸುಲಿದ ಕಿತ್ತಳೆ!

ಅದು ಮಂದಾರಿನಾ ಬವೇರಿಯಾ ಅನ್ನೋ ತಳಿ. ಇಲ್ಲಿನ ಹ್ಯೂಲ್ ಸಂಶೋಧನಾ ಕೇಂದ್ರದವರು 2012ರಲ್ಲಿ ಹೊರತಂದಿದ್ದು. ಕುದಿಯುವಾಗ ಹಾಕಿದರೆ ಘಮ ಹಬೆಯಲ್ಲಿ ಹೋಗಿಬಿಡುತ್ತೆ. ಅದಕ್ಕೇ ಬಿಯರ್ ಹುದುಗಿ ತಣ್ಣಗಾದ ಮೇಲೆ ಹೂ ನೆನೆಹಾಕುತ್ತಾರೆ.

ಇಷ್ಟೆಲ್ಲ ಯಾಕೆ, ಸುಮ್ನೆ ಸಿಪ್ಪೆ ಹಾಕಬಹುದಲ್ವಾ? ಹಾಕುವಂತಿಲ್ಲ. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಹೊರಟ ಆಜ್ಞೆ: ಬಿಯರಿಗೆ ಬಾರ್ಲಿ, ಹಾಪ್ಸ್, ನೀರು, ಅಷ್ಟೇ. ಹುದುಗು ಬರಿಸುವ ಯೀಸ್ಟ್ ಹೆಸರೇ ಅದರಲ್ಲಿಲ್ಲ. ಆಮೇಲೆ ನಿಯಮ ಸುಮಾರು ಬದಲಾಗಿದೆ, ಯೀಸ್ಟ್ ಸೇರಿದೆ, ಗೋಧಿ ಬಿಯರಿಗೂ ಜಾಗ ಇದೆ. ಆದರೆ ಹಣ್ಣು, ಮಸಾಲೆ ವಿಷಯದಲ್ಲಿ ಬವೇರಿಯಾ ಇವತ್ತಿಗೂ ಬಿಗಿ.

ಹಾಗಾಗಿ ಇವರ ಕೈಚಳಕವೆಲ್ಲ ಇರುವ ನಾಲ್ಕು ಸಾಮಾನಿನೊಳಗೇ. ಅಮ್ಮ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರೀತಿದ್ದಳು. ಬಾರ್ಲಿ ಮಾಲ್ಟ್ ಮಾಡೋದೂ ಹೆಚ್ಚುಕಡಿಮೆ ಹಾಗೇ. ಕಡು ಹುರಿದರೆ ಕಾಫಿ ರುಚಿ. ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸಿದರೆ ಬಾಂಬರ್ಗ್‌ನ ಹೊಗೆ ಬಿಯರ್. ಮೊದಲ ಗುಟುಕಿಗೆ ಸೌದೆ ಒಲೆಯ ಅಡುಗೆಮನೆ ನೆನಪಾಗಿತ್ತು. ಗೋಧಿ ಬಿಯರಿನ ಬಾಳೆಹಣ್ಣು, ಲವಂಗದ ವಾಸನೆಯಂತೂ ಪೂರ್ತಿ ಯೀಸ್ಟ್‌ನದೇ ಕೆಲಸ.

ನನಗೆ ಜಾಸ್ತಿ ಹಿಡಿಸಿದ್ದು ಹುಳಿ ಮಾಲ್ಟ್. ನೀರು ಗಡಸಾದರೆ ಮಾಲ್ಟನ್ನ ಬಿಸಿನೀರಲ್ಲಿ ನೆನೆಸಿದ ಗಂಜಿಗೆ ಸ್ವಲ್ಪ ಹುಳಿ ಬೇಕು. ಆಮ್ಲ ತಂದು ಸುರಿಯುವಂತಿಲ್ಲ. ಆದರೆ ಬಾರ್ಲಿ ಕಾಳಿನ ಮೇಲೆಯೇ ಹಾಲು ಹುಳಿಯಾಗಿಸುವಂಥ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಿಂದ ಮಾಲ್ಟನ್ನೇ ಹುಳಿ ಬರಿಸಿ, ಅದನ್ನ ಒಂದಿಷ್ಟು ಬೆರೆಸುತ್ತಾರೆ. ಕಾನೂನಿನ ಕಣ್ಣಿಗೆ ಅದೂ ಮಾಲ್ಟೇ.

ಕೊತ್ತಂಬರಿ ಬೀಜ, ಹಣ್ಣು ಹಾಕಿದರೆ ಏನು ತಪ್ಪು ಅಂತ ಕೇಳುವ ಹುಡುಗರೂ ಇಲ್ಲಿದ್ದಾರೆ. ಅವರ ಮಾತು ನ್ಯಾಯವೇ, ಹಾಕೋಕೆ ಅನುಮತಿ ಕೊಟ್ಟರೆ ಒಳ್ಳೆಯದು ಅಂತ ನನಗೂ ಅನಿಸುತ್ತೆ. ಆ ಹಿರಿಯರಿಗೆ ಇದನ್ನ ಹೇಳಿದೆ. "ಅವರು ಮಾಡಲಿ, ನಾನೂ ಕುಡೀತೀನಿ" ಅಂದು, ಇನ್ನೊಂದು ತಳಿಯ ಹೂ ತರೋಕೆ ಒಳಗೆ ಹೋದರು.