82 ಸಾವಿರದ ವಿಯೆಟ್ನಾಂ ಟೂರ್‌ಗೆ ನನಗೆ ಖರ್ಚಾಗಿದ್ದು 1 ಲಕ್ಷ 15 ಸಾವಿರ

ಜಾಹೀರಾತಿನಲ್ಲಿ ಇದ್ದಿದ್ದು ಇಷ್ಟೇ: ವಿಯೆಟ್ನಾಂ ಗ್ರೂಪ್ ಟೂರ್, 7 ರಾತ್ರಿ 8 ಹಗಲು, 82,000 ರೂಪಾಯಿ. ಮನೆಗೆ ಬಂದ ಮೇಲೆ ಡೈರಿಯಲ್ಲಿ ಬರೆದಿಟ್ಟ ಖರ್ಚನ್ನೆಲ್ಲ ಕೂಡಿಸಿ ನೋಡಿದೆ. 1,15,000 ದಾಟಿತ್ತು. ದುಂದು ಮಾಡಿರಲಿಲ್ಲ. ಮೊದಲೇ ಗೊತ್ತಿರಬೇಕಾಗಿದ್ದ ಖರ್ಚುಗಳೇ ಎಲ್ಲ, ನನಗೆ ಯಾರೂ ಹೇಳಿರಲಿಲ್ಲ. ನನ್ನ ಹಾಗೆ ಮೊದಲ ಸಂಬಳದಲ್ಲಿ ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಸಕಲೇಶಪುರದ ಹತ್ತಿರ. ಕೆಲಸ ಬೆಂಗಳೂರಿನಲ್ಲಿ, ವಾಸ ಪಿಜಿಯಲ್ಲಿ. ಒಬ್ಬಳೇ ಹೋಗ್ತೀನಿ ಅಂದಿದ್ದರೆ ಅಮ್ಮ ಬಿಡುತ್ತಿರಲಿಲ್ಲ. ಗ್ರೂಪ್ ಟೂರ್ ಅಂದಿದ್ದಕ್ಕೇ ಒಪ್ಪಿದ್ದು. 2023ರ ಜುಲೈನಲ್ಲಿ ಬ್ಯಾಂಕಿನಲ್ಲಿ ತಿಂಗಳಿಗೆ 6,000ದ ಆರ್‌ಡಿ ಶುರು ಮಾಡಿದೆ. 18 ತಿಂಗಳಿಗೆ ಬಡ್ಡಿ ಸೇರಿ 1,14,000 ಹತ್ತಿರ ಬಂತು. 82 ಸಾವಿರ ಟೂರ್‌ಗೆ, ಉಳಿದಿದ್ದು ಸ್ಕೂಟಿಯ ಮುಂಗಡಕ್ಕೆ ಅಂತ ಲೆಕ್ಕ ಹಾಕಿದ್ದೆ. ಸ್ಕೂಟಿ ದುಡ್ಡೂ ಟೂರ್‌ಗೇ ಹೋಯಿತು.

ಮೊದಲ ಪೆಟ್ಟು ಬಿದ್ದಿದ್ದು ದುಡ್ಡು ಕಟ್ಟುವ ದಿನವೇ. 82,000ದ ಮೇಲೆ 5% ಜಿಎಸ್‌ಟಿ, ಅಂದರೆ 4,100. ಅದರ ಮೇಲೆ ಟಿಸಿಎಸ್ ಇನ್ನೊಂದು 5%, ಸುಮಾರು 4,300. ಬಿಲ್ ಆಗಿದ್ದು 90,400. ಟಿಸಿಎಸ್ ಅಂದರೆ ಹೊರದೇಶದ ಪ್ಯಾಕೇಜ್ ಕೊಂಡಾಗ ಮುಂಚಿತವಾಗಿ ಹಿಡಿದುಕೊಳ್ಳುವ ಆದಾಯ ತೆರಿಗೆ. ಇದು ಹೋದ ದುಡ್ಡಲ್ಲ, ವಾಪಸ್ ಕೇಳಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಈ ದರ ಬಜೆಟ್‌ನಲ್ಲಿ ಆಗಾಗ ಬದಲಾಗುತ್ತದೆ, ನೀವು ಹೋಗುವ ವರ್ಷ ಎಷ್ಟಿದೆ ಅಂತ ಕೇಳಿಕೊಳ್ಳಿ. ಒಂದು ವಿಷಯ ಮಾತ್ರ ಮರೆಯಬೇಡಿ: ನಾಲ್ಕು ಜನ ಸ್ನೇಹಿತರು ಸೇರಿ ಒಬ್ಬರ ಹೆಸರಿನಲ್ಲಿ ಬುಕ್ ಮಾಡಿದರೆ ಎಲ್ಲರ ಟಿಸಿಎಸ್ ಆ ಒಬ್ಬರ ಪ್ಯಾನ್‌ಗೆ ಹೋಗಿ ಕೂರುತ್ತದೆ. ಬೇರೆ ಬೇರೆ ಬಿಲ್ ಮಾಡಿಸಿ.

ಪಾಸ್‌ಪೋರ್ಟ್‌ಗೆ 1,500. ಪೊಲೀಸ್ ವೆರಿಫಿಕೇಶನ್‌ಗೆ ಎಷ್ಟು ದಿನ ಹಿಡಿಯುತ್ತದೋ ಹೇಳೋಕಾಗಲ್ಲ, ಆರು ತಿಂಗಳು ಮೊದಲೇ ಅರ್ಜಿ ಹಾಕಿ. ಮನೆಯವರ ಹಳೇ ಪಾಸ್‌ಪೋರ್ಟ್ ಇದ್ದರೆ ಅದಕ್ಕೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿದೆಯಾ ನೋಡಿ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಇದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಜೊತೆ ಎರಡು ಇನಿಶಿಯಲ್ ಇರುತ್ತವೆ. ಒಂದು ಊರಿಂದು, ಒಂದು ಅಪ್ಪಂದು. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ನನ್ನದರಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿದೆ. ಏಜೆಂಟರು ಮಾಡಿಸಿದ ಇ-ವೀಸಾದಲ್ಲಿ ಆ ಸರ್‌ನೇಮೇ ಇರಲಿಲ್ಲ! ಪಿಡಿಎಫ್ ಬಂದ ರಾತ್ರಿ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿದ್ದಕ್ಕೆ ಗೊತ್ತಾಯಿತು. ಹೊಸದಾಗಿ ಅರ್ಜಿ ಹಾಕಬೇಕಾಯಿತು. ಕಟ್ಟಿದ ಫೀಸ್ ವಾಪಸ್ ಬರಲ್ಲ. ಎರಡನೇ ಸಲದ ಫೀಸ್ ಯಾರು ಕಟ್ಟಬೇಕು ಅಂತ ನಾಲ್ಕು ದಿನ ಫೋನ್‌ನಲ್ಲಿ ಜಗ್ಗಾಟ. ಪಾಸ್‌ಪೋರ್ಟಿನ ಸ್ಕ್ಯಾನ್ ಅವರಿಗೆ ಕಳಿಸಿದ್ದು ವಾಟ್ಸಾಪ್‌ನಲ್ಲಿ ಹಾಗೇ ಇತ್ತು, ಅದಕ್ಕೆ ಕೊನೆಗೆ ಅವರೇ ಕಟ್ಟಿದರು. ಏನು ಕಳಿಸಿದರೂ ಬರವಣಿಗೆಯಲ್ಲಿ ಇರಲಿ.

ವೀಸಾಗೆ ವಿಯೆಟ್ನಾಂ ಸರ್ಕಾರದ್ದೇ ಪೋರ್ಟಲ್ ಇದೆ. ಸಿಂಗಲ್ ಎಂಟ್ರಿಗೆ 25 ಡಾಲರ್, ಮಲ್ಟಿಪಲ್‌ಗೆ 50. ಏಜೆಂಟರು ಸರ್ವಿಸ್ ಚಾರ್ಜ್ ಸೇರಿಸಿ 3,500 ತೆಗೆದುಕೊಂಡರು. ನಾವೇ ಮಾಡಿಕೊಳ್ಳಬಹುದಾ ಅಂತ ಕೇಳಿ, ಹೂಂ ಅಂದರೆ ಸಾವಿರ ರೂಪಾಯಿ ಮೇಲೆ ಉಳಿಯುತ್ತದೆ. ಟೂರ್‌ನಲ್ಲಿ ಕಾಂಬೋಡಿಯಾ ಕೂಡ ಇದ್ದು, ಅಲ್ಲಿಂದ ಮತ್ತೆ ವಿಯೆಟ್ನಾಂಗೆ ಬಂದು ವಿಮಾನ ಹತ್ತುವುದಾದರೆ ಮಲ್ಟಿಪಲ್ ಎಂಟ್ರಿಯೇ ಬೇಕು.

ಹೊರಡುವ ಮುಂಚೆ ಟೂರ್ ಕಂಪನಿಗೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಹಾ ಲಾಂಗ್ ಬೇ ಕ್ರೂಸ್ ಅಂತ ಬರೆದಿರುತ್ತಾರೆ. ಅದು ಹಗಲು ನಾಲ್ಕೈದು ಗಂಟೆಯದ್ದಾ, ರಾತ್ರಿ ಹಡಗಿನಲ್ಲೇ ಮಲಗುವುದಾ? ನಮ್ಮದು ಹಗಲಿನದ್ದು. ಗುಂಪಿನಲ್ಲಿ ಅರ್ಧ ಜನಕ್ಕೆ ಅಲ್ಲಿ ಹೋದ ಮೇಲೆ ಗೊತ್ತಾಗಿ ಬೇಜಾರಾಯಿತು. ಎಲ್ಲ ಊಟವೂ ಸೇರಿದೆಯಾ? ನಮಗೆ ಮೂರು ಮಧ್ಯಾಹ್ನದ ಊಟ ಸೇರಿರಲಿಲ್ಲ. ಟಿಪ್ಸ್ ಎಷ್ಟು? ದಿನಕ್ಕೆ 5 ಡಾಲರ್, ಕಡ್ಡಾಯ, ಮೊದಲ ದಿನವೇ ಒಟ್ಟು 40 ಡಾಲರ್ ಕೈಗೆ ಕೊಡಬೇಕು. ಅದೇ 3,400 ರೂಪಾಯಿ ಮೇಲೆ. ಇದು ಬ್ರೋಷರಿನ ಕೊನೇ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿತ್ತು.

ಒಂಟಿ ರೂಮಿಗೆ 18,000 ಜಾಸ್ತಿ ಕೇಳಿದರು. ಆಗಲ್ಲ ಅಂದೆ. ಗೊತ್ತಿಲ್ಲದವರ ಜೊತೆ ಎಂಟು ದಿನ ಹೇಗಪ್ಪಾ ಅಂತ ಹೆದರಿಕೆ ಇತ್ತು. ಸಿಕ್ಕಿದ್ದು ಮೈಸೂರಿನ ನಿವೃತ್ತ ಟೀಚರ್. ಮೊದಲ ರಾತ್ರಿಯೇ "ಪುಟ್ಟೀ, ನಾನು ಗೊರಕೆ ಹೊಡೀತೀನಿ, ನೀನು ಮೊದ್ಲು ಮಲ್ಕೋ" ಅಂದರು. ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಚಿಕ್ಕದೊಂದು ಕೆಟಲ್, ಎಲ್ಲ ಅವರ ಬ್ಯಾಗಿನಲ್ಲಿತ್ತು. 18 ಸಾವಿರ ಉಳಿಯಿತು, ಆಂಟಿ ಸಿಕ್ಕಿದರು. ಈಗಲೂ ವಾರಕ್ಕೊಂದು ಸಲ ಫೋನ್ ಮಾಡುತ್ತಾರೆ.

ದುಡ್ಡು ಬದಲಾಯಿಸುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲಿಂದ ಡಾಲರ್ ತೆಗೆದುಕೊಂಡು ಹೋಗಿ, ಅಲ್ಲಿ ಅವರ ದುಡ್ಡಾದ ಡಾಂಗ್‌ಗೆ ಬದಲಾಯಿಸಿ. ಡಾಲರನ್ನು ವಿಮಾನ ನಿಲ್ದಾಣದಲ್ಲಿ ಕೊಳ್ಳಬೇಡಿ, ಇಲ್ಲಿ ಊರಿನಲ್ಲೇ ಪರವಾನಗಿ ಇರುವ ಫಾರೆಕ್ಸ್ ಅಂಗಡಿಯಲ್ಲಿ ಕೊಳ್ಳಿ. 100 ಡಾಲರಿನ ಹೊಸ ನೋಟುಗಳನ್ನೇ ಕೇಳಿ. ಹರಿದ, ಗೀಚಿದ ನೋಟು ಅಲ್ಲಿ ತೆಗೆದುಕೊಳ್ಳಲ್ಲ. ನಾನು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಬೆಲೆಯಲ್ಲಿ ಎರಡು ಸೊನ್ನೆ ಬಿಟ್ಟು, ಉಳಿದಿದ್ದನ್ನು ಮೂರರಿಂದ ಭಾಗಿಸಿದರೆ ರೂಪಾಯಿ ಬರುತ್ತದೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ.

ಹೋಯ್ ಆನ್‌ನಲ್ಲಿ ಒಂದು ಸಂಜೆ. ನದಿ ದಡದಲ್ಲಿ ಎಲ್ಲ ಕಡೆ ಬಣ್ಣದ ಗೂಡುದೀಪ, ಆ ಬೆಳಕು ಬಿಟ್ಟರೆ ಕತ್ತಲೆ. ಎಳನೀರು ಕುಡಿದು ನೀಲಿ ನೋಟು ಕೊಟ್ಟು ಹೊರಟೆ. ಎಳನೀರಿನ ಹೆಂಗಸು ಹಿಂದೆಯೇ ಬಂದು ತೋಳು ಹಿಡಿದರು. ನೋಟನ್ನು ದೀಪದ ಕೆಳಗೆ ಹಿಡಿದು ಸೊನ್ನೆಗಳ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಕೊಟ್ಟಿದ್ದು 5 ಲಕ್ಷದ ನೋಟು, ಅಂದರೆ ಸುಮಾರು 1,670 ರೂಪಾಯಿ. ಕೊಡಬೇಕಾಗಿದ್ದು 20 ಸಾವಿರದ್ದು, ಸುಮಾರು 67 ರೂಪಾಯಿ. ಎರಡೂ ನೋಟು ನೀಲಿ ಛಾಯೆಯವೇ. ನನ್ನ ಪರ್ಸಿನಿಂದ ಸರಿಯಾದ ನೋಟನ್ನು ಅವರೇ ಆರಿಸಿಕೊಂಡು, ದೊಡ್ಡದನ್ನು ಮಡಚಿ ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು. ಅವರ ಕೈ ಎಳನೀರಿನಿಂದ ಒದ್ದೆಯಾಗಿತ್ತು. ಅವತ್ತು ರಾತ್ರಿಯೇ 5 ಲಕ್ಷದ ನೋಟುಗಳನ್ನೆಲ್ಲ ಬೇರೆ ಕವರ್‌ಗೆ ಹಾಕಿದೆ. ನೀವು ಮೊದಲ ದಿನವೇ ಹಾಕಿ.

ಊಟದ ವಿಷಯಕ್ಕೆ ಬರೋಣ. ಸಸ್ಯಾಹಾರಿಗಳು "ಅನ್ ಚಾಯ್" ಅನ್ನುವ ಎರಡು ಶಬ್ದ ಕಲಿಯಿರಿ, ಶಾಕಾಹಾರ ತಿನ್ನುತ್ತೇನೆ ಅಂತ ಅರ್ಥ. ಬರೀ ಮಾಂಸ ಬೇಡ ಅಂದರೆ ಸಾಲದು. ಮೀನಿನ ಸಾಸ್ ಅಲ್ಲಿ ನಮ್ಮ ಉಪ್ಪಿನ ಹಾಗೆ, ತುಂಬಾ ಅಡುಗೆಗೆ ಬೀಳುತ್ತದೆ. ಅಲ್ಲಿನ ಬೌದ್ಧರಲ್ಲಿ ಅನೇಕರು ಹುಣ್ಣಿಮೆಗೆ ಮತ್ತು ಅಮಾವಾಸ್ಯೆ ಹೊತ್ತಿಗೆ ಮಾಂಸ ಬಿಡುತ್ತಾರೆ. ಹಾಗಾಗಿ "ಚಾಯ್" ಅಂತ ಬೋರ್ಡ್ ಇರುವ ಹೋಟೆಲು ತುಂಬಾ ಊರುಗಳಲ್ಲಿ ಇವೆ. ಹನೋಯ್‌ನಲ್ಲಿ ಆಂಟಿಯೂ ನಾನೂ ಅಂಥ ಒಂದು ಕಡೆ ಬಿಸಿ ಬಿಸಿ ಫೋ, ಅಂದರೆ ನೂಡಲ್ಸ್ ಸೂಪ್, ತಿಂದೆವು. ಗುಂಪಿಗೆ ಇದ್ದ ಇಂಡಿಯನ್ ಊಟಕ್ಕಿಂತ ಎಷ್ಟೋ ಪಾಲು ಚೆನ್ನಾಗಿತ್ತು. ದಿನಾ ಅದೇ ಪನೀರ್, ಅದೇ ದಾಲ್. ಅಷ್ಟು ದೂರ ಹೋಗಿ ಬರೀ ಅದನ್ನೇ ತಿಂದು ಬರಬೇಡಿ.

ಶಾಪಿಂಗ್‌ಗೆ ಅಂತ ಬಸ್ಸು ನಿಲ್ಲಿಸುವ ಮುತ್ತಿನ, ರೇಷ್ಮೆಯ ದೊಡ್ಡ ಅಂಗಡಿಗಳಲ್ಲಿ ನಾನು ಏನೂ ಕೊಳ್ಳಲಿಲ್ಲ. ಹನೋಯ್ ಹಳೇಪೇಟೆಯಲ್ಲಿ ಕಾಫಿ ಸೋಸುವ ಸಣ್ಣ ಫಿಲ್ಟರ್ ಕೊಂಡೆ, 60 ಸಾವಿರ ಡಾಂಗ್, 200 ರೂಪಾಯಿ. ಕಪ್ಪಿನ ಮೇಲೇ ಕೂರುತ್ತದೆ, ಹನಿ ಹನಿಯಾಗಿ ಇಳಿಯುತ್ತದೆ. ನಮ್ಮ ಮನೆಯಲ್ಲೂ ಒಂದೆರಡು ಎಕರೆ ರೋಬಸ್ಟಾ ಇದೆ. ಜಗತ್ತಿನಲ್ಲಿ ರೋಬಸ್ಟಾ ಅತಿ ಹೆಚ್ಚು ಬೆಳೆಯುವುದು ವಿಯೆಟ್ನಾಂನವರೇ ಅಂತ ಹೇಳಿ ಅಪ್ಪನಿಗೆ ಕೊಟ್ಟೆ.

ಯಾವಾಗ ಹೋಗಬೇಕು? ನಾವು ಹೋಗಿದ್ದು 2025ರ ಮಾರ್ಚ್. ದೇಶ ಉದ್ದಕ್ಕೆ ಇರುವುದರಿಂದ ಹವೆ ಮೂರು ಥರ. ಹೋ ಚಿ ಮಿನ್ ಸಿಟಿಯಲ್ಲಿ ಬೆವರು ಸುರಿಯುತ್ತಿತ್ತು, ಹನೋಯ್‌ನಲ್ಲಿ ಸಂಜೆ ಸ್ವೆಟರ್ ಬೇಕಾಯಿತು. ಅಕ್ಟೋಬರ್, ನವೆಂಬರ್‌ನಲ್ಲಿ ರಿಯಾಯಿತಿ ಕೊಟ್ಟರೆ ಯೋಚನೆ ಮಾಡಿ. ಆಗ ಡಾ ನಾಂಗ್, ಹೋಯ್ ಆನ್ ಕಡೆ ಜೋರು ಮಳೆ, ಹೋಯ್ ಆನ್ ಬೀದಿಗಳಿಗೆ ನದಿ ನೀರು ನುಗ್ಗುವುದೂ ಉಂಟು.

ಜಾಹೀರಾತಿನ ಬೆಲೆಯ ಮೇಲೆ 40% ಸೇರಿಸಿ ದುಡ್ಡು ಕೂಡಿಡಿ. ನನ್ನ ಲೆಕ್ಕ ಹೆಚ್ಚುಕಮ್ಮಿ ಅಷ್ಟಕ್ಕೇ ಬಂತು.

ಇನ್ನು ಆ ಟಿಸಿಎಸ್. ಸಂಬಳ ಕಡಿಮೆ, ತೆರಿಗೆ ಬರಲ್ಲ ಅಂತ ರಿಟರ್ನ್ಸ್ ಹಾಕದೆ ಬಿಟ್ಟರೆ ಆ ದುಡ್ಡು ಅಲ್ಲೇ ಉಳಿಯುತ್ತದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ ತೆಗೆದು, ನಿಮ್ಮ ಪ್ಯಾನ್ ಮುಂದೆ ಆ ಮೊತ್ತ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಟೂರ್ ಕಂಪನಿಗೆ ಮೇಲ್ ಮಾಡಿ ಕೇಳಿ. ನಾನು ಜುಲೈನಲ್ಲಿ ರಿಟರ್ನ್ಸ್ ಹಾಕಿದೆ, ಆಗಸ್ಟ್‌ನಲ್ಲಿ 4,300 ಖಾತೆಗೆ ಬಂತು. ಹೊಸ ಆರ್‌ಡಿಗೆ ಮೊದಲ ಕಂತು ಅದರಿಂದಲೇ ಕಟ್ಟಿದೆ.