ಎಸಿಗೆ ಕುತ್ತು ಪೈಪಿನೊಳಗೆ ಉಳಿದ ಗಾಳಿ

ಕಲಬುರಗಿ, 12 ಏಪ್ರಿಲ್ 2025, ಶನಿವಾರ

ಇವತ್ತಿನ ಕೆಲಸ: ಮೊದಲ ಮಹಡಿಯ ಮಲಗುವ ಕೋಣೆ, ಸುಮಾರು 150 ಚದರಡಿ. ತಲೆ ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬು, ಒಂದು ಗೋಡೆ ಪಡುವಣಕ್ಕೆ. ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ತಂಪು ಮಾಡುವ ಗ್ಯಾಸು ಆರ್-32, ಪೈಪು ನಾಲ್ಕೂವರೆ ಮೀಟರ್. ಇಷ್ಟೇ ಅಳತೆಯ ಕೋಣೆ ಕೆಳಮಹಡಿಯಲ್ಲಿದ್ದು, ಗೋಡೆಗೆ ನೆರಳಿದ್ದರೆ ಒಂದು ಟನ್ ಸಾಕಾಗುತ್ತಿತ್ತೇನೋ. ಕಲಬುರಗಿಯ ಸ್ಲ್ಯಾಬು ಸಂಜೆ ಎಂಟರ ತನಕ ಕೆಳಗೆ ಬಿಸಿ ಕಕ್ಕುತ್ತದೆ, ಅದಕ್ಕೇ ಒಂದೂವರೆ.

ಗೋಡೆ ಹಳೆಯ ಕಾಲದ್ದು, ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು. ಇಂಥ ಗೋಡೆಯಲ್ಲಿ ಆಂಕರ್ ಬೋಲ್ಟು ಎರಡು ಚಪ್ಪಡಿಗಳ ನಡುವಿನ ಸಂದಿಗೆ ಬಿದ್ದರೆ ಹಿಡಿಯುವುದಿಲ್ಲ. ಬಿಗಿ ಮಾಡುತ್ತಾ ಹೋದಷ್ಟೂ ತಿರುಗುತ್ತಲೇ ಇರುತ್ತದೆ. ಮೊದಲು 6 ಮಿ.ಮೀ. ಬಿಟ್ಟಿನಲ್ಲಿ ಪರೀಕ್ಷೆಯ ತೂತು ಹಾಕಬೇಕು. ಬಿಳಿ-ಬೂದು ಕಲ್ಲಿನ ಪುಡಿ ಬಂದರೆ ಸರಿ. ಕೆಂಪು ಮಣ್ಣು ಬಂದರೆ ಎರಡು ಇಂಚು ಮೇಲೋ ಕೆಳಗೋ ಸರಿಯಬೇಕು. ಔಟ್‌ಡೋರ್ ಯೂನಿಟ್ಟು 30 ಕಿಲೋ ಆಸುಪಾಸು ತೂಗುತ್ತದೆ, ಹಗಲೂ ರಾತ್ರಿ ನಡುಗುತ್ತದೆ, ಕೆಳಗೆ ಮನೆ ಮಂದಿ ಓಡಾಡುತ್ತಾರೆ. ಬ್ರಾಕೆಟ್ಟಿಗೆ 10 ಮಿ.ಮೀ. ಬೋಲ್ಟಿಗಿಂತ ಸಣ್ಣದು ಬೇಡ. ಮಹಡಿಯ ಮೇಲೆ ಕೆಲಸ ಮಾಡುವವರಿಗೆ ಸೇಫ್ಟಿ ಬೆಲ್ಟು ಬೇಕೇ ಬೇಕು, ಎರಡೇ ನಿಮಿಷದ ಕೆಲಸವಿದ್ದರೂ.

ಪೈಪಿನ ತೂತು 65 ಮಿ.ಮೀ. ಕೋರ್ ಬಿಟ್ಟಿನಲ್ಲಿ. ಒಳಗಿಗಿಂತ ಹೊರಗೆ 5ರಿಂದ 10 ಮಿ.ಮೀ. ತಗ್ಗು ಇರಬೇಕು, ಇಲ್ಲದಿದ್ದರೆ ಮಳೆನೀರು ಗೋಡೆಯೊಳಗೇ ಇಳಿಯುತ್ತದೆ. ಕಲ್ಲಿನ ಗೋಡೆ ದಪ್ಪ ಇರುವುದರಿಂದ ಎರಡೂ ಕಡೆಯಿಂದ ಕೊರೆಯಬೇಕಾಯಿತು. ನಡುವೆ ಸೇರುವ ಜಾಗದಲ್ಲಿ ಅಂಚು ಚೂಪಾಗಿರುತ್ತದೆ. ಒಂದು ಪಿವಿಸಿ ತುಂಡು ತೂರಿಸಿದರೆ ಪೈಪಿನ ಹೊದಿಕೆ ಹರಿಯುವುದಿಲ್ಲ.

ಔಟ್‌ಡೋರಿಗೆ ಜಾಗ ಆರಿಸುವಾಗ ಒಂದೇ ಪ್ರಶ್ನೆ: ಅದು ಉಗುಳಿದ ಬಿಸಿಗಾಳಿಯನ್ನು ಮತ್ತೆ ಅದೇ ಕುಡಿಯುತ್ತದೆಯೇ? ಬಾಲ್ಕನಿಯಲ್ಲಿಟ್ಟು ಮುಂದೆ ಶೀಟು ಮುಚ್ಚಿದರೆ ಹೊರಗೆ 42 ಡಿಗ್ರಿ ಇರುವಾಗ ಯೂನಿಟ್ಟಿನ ಸುತ್ತ 50 ದಾಟುತ್ತದೆ. ಆಗ ಇನ್ವರ್ಟರ್ ಬೋರ್ಡು ತನ್ನನ್ನು ಕಾಪಾಡಿಕೊಳ್ಳಲು ಕಂಪ್ರೆಸರಿನ ವೇಗ ಇಳಿಸುತ್ತದೆ. ಮಧ್ಯಾಹ್ನ ಮೂರಕ್ಕೆ ತಂಪು ಬರುತ್ತಿಲ್ಲ, ರಾತ್ರಿ ಸರಿಹೋಗುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಮೇಲೆ ನೆರಳಿನ ಚಜ್ಜಾ ಇದ್ದರೆ ಒಳ್ಳೆಯದು, ಮುಂದೆ ಮಾತ್ರ ಬಯಲಿರಬೇಕು. ಇವತ್ತು ಬಡಗಣ ಗೋಡೆ ಸಿಕ್ಕಿತು, ಪೈಪು ಒಂದೂವರೆ ಮೀಟರ್ ಹೆಚ್ಚಾಯಿತು. ಆ ಲೆಕ್ಕ ಸರಿಯೇ.

ಇನ್ನು ತಾಮ್ರದ ಕೆಲಸ. ಒಂದೂವರೆ ಟನ್ನಿಗೆ ಸಾಮಾನ್ಯವಾಗಿ ಸಣ್ಣ ಪೈಪು ಕಾಲಿಂಚು, ದಪ್ಪ ಪೈಪು ಅರ್ಧ ಇಂಚು, ಗೋಡೆಯ ದಪ್ಪ 0.8 ಮಿ.ಮೀ. ಕತ್ತರಿಸಲು ಪೈಪ್ ಕಟರ್ ಮಾತ್ರ. ಹ್ಯಾಕ್‌ಸಾ ಬ್ಲೇಡು ಹಾಕಿದರೆ ತಾಮ್ರದ ಪುಡಿ ಒಳಗೆ ಉಳಿದು, ಗ್ಯಾಸಿನ ಒತ್ತಡ ಇಳಿಸಿ ತಣ್ಣಗಾಗಿಸುವ ಎಕ್ಸ್‌ಪ್ಯಾನ್ಶನ್ ವಾಲ್ವಿಗೋ ಕ್ಯಾಪಿಲರಿ ಎಂಬ ಸಣ್ಣ ಕೊಳವೆಗೋ ಹೋಗಿ ಕೂರುತ್ತದೆ. ಕಟರ್ ಒಂದು ಸುತ್ತು ತಿರುಗಿಸಿ ಸ್ವಲ್ಪ ಬಿಗಿ, ಮತ್ತೊಂದು ಸುತ್ತು, ಸ್ವಲ್ಪ ಬಿಗಿ. ಅವಸರ ಮಾಡಿದರೆ ಬಾಯಿ ಚಪ್ಪಟೆಯಾಗುತ್ತದೆ. ಒಳ ಅಂಚಿನ ಮುಳ್ಳು ಕೆರೆಯುವಾಗ ಪೈಪಿನ ಬಾಯಿ ಕೆಳಮುಖ ಇರಲಿ, ಪುಡಿ ಹೊರಗೆ ಬೀಳಲಿ. ನಟ್ಟನ್ನು ಪೈಪಿಗೆ ಹಾಕಿದ ಮೇಲೆಯೇ ಫ್ಲೇರ್ ಮಾಡುವುದು, ಅಂದರೆ ಪೈಪಿನ ಬಾಯಿಯನ್ನು ಕಹಳೆಯಂತೆ ಅಗಲಿಸುವುದು. ಹೇಳಬೇಕಾದ ಮಾತೇ ಅಲ್ಲ ಅನಿಸಬಹುದು, ಆದರೂ ಮರೆಯುವವರಿದ್ದಾರೆ.

ಫ್ಲೇರ್ ಆದ ಬಾಯಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ: ಕಾಲಿಂಚಿಗೆ 8.7ರಿಂದ 9.1 ಮಿ.ಮೀ., ಅರ್ಧ ಇಂಚಿಗೆ 16.2ರಿಂದ 16.6 ಮಿ.ಮೀ. ಸಣ್ಣದಾದರೆ ಹಿಡಿತ ಕಡಿಮೆ, ದೊಡ್ಡದಾದರೆ ನಟ್ಟಿನೊಳಗೆ ಕೂರದೆ ಅಂಚು ಹರಿಯುತ್ತದೆ. ಆರ್-22 ಕಾಲದ ಹಳೆಯ ಫ್ಲೇರ್ ಟೂಲಿನಲ್ಲಿ ಅಭ್ಯಾಸಬಲದಿಂದ ಮಾಡಿದರೆ ಬಾಯಿ ಸಣ್ಣದಾಗುತ್ತದೆ, ಪೈಪನ್ನು ಸ್ವಲ್ಪ ಹೆಚ್ಚು ಹೊರಗೆ ಬಿಟ್ಟು ಹಿಡಿಯಬೇಕು.

ನಟ್ಟು ಮೊದಲ ಮೂರು-ನಾಲ್ಕು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ನಟ್ಟಿನ ಥ್ರೆಡ್ಡು ಓರೆಯಾಗಿ ಕಚ್ಚಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಯಿರಿ. ಆಮೇಲೆ ಎರಡು ಪಾನಾ, ಒಂದು ಹಿಡಿಯಲು, ಒಂದು ತಿರುಗಿಸಲು. ಟಾರ್ಕ್ ಪಾನಾದ ಲೆಕ್ಕ: ಕಾಲಿಂಚಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 49ರಿಂದ 61. ಲೀಕ್ ಆದೀತೆಂಬ ಹೆದರಿಕೆಗೆ ಮೈಯೆಲ್ಲಾ ಹಾಕಿ ಬಿಗಿಯುವವರು ಸಣ್ಣ ಪೈಪಿನ ಫ್ಲೇರನ್ನೇ ತೆಳುವಾಗಿಸುತ್ತಾರೆ. ಅದು ಅವತ್ತು ಲೀಕ್ ಆಗುವುದಿಲ್ಲ. ಬಿಸಿ-ತಂಪು, ನಡುಕ ಎಲ್ಲ ಸೇರಿ ಮುಂದಿನ ಬೇಸಿಗೆಯ ಹೊತ್ತಿಗೆ ಸೀಳುತ್ತದೆ.

ಹೊದಿಕೆಯ ವಿಚಾರದಲ್ಲಿ ಒಂದೇ ಮಾತು. ಎರಡೂ ಪೈಪಿಗೆ ಬೇರೆಬೇರೆ ಹೊದಿಕೆ. ನಮ್ಮ ಸ್ಪ್ಲಿಟ್ ಎಸಿಗಳಲ್ಲಿ ಎಕ್ಸ್‌ಪ್ಯಾನ್ಶನ್ ಆಗುವುದು ಔಟ್‌ಡೋರಿನೊಳಗೇ, ಹಾಗಾಗಿ ಸಣ್ಣ ಪೈಪೂ ತಣ್ಣಗಿರುತ್ತದೆ. ಅದನ್ನು ಹೊದಿಕೆಯಿಲ್ಲದೆ ಬಿಟ್ಟರೆ ತಂಪು ದಾರಿಯಲ್ಲೇ ಸೋರುತ್ತದೆ, ಮಳೆಗಾಲದಲ್ಲಿ ಹನಿ ಕಟ್ಟುತ್ತದೆ. ಮೇಲಿನ ಟೇಪು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ, ನೀರು ಜಾರಿ ಹೋಗಲಿ.

ಈಗ ಲೀಕ್ ಪರೀಕ್ಷೆಗೆ ನೈಟ್ರೋಜನ್. ಔಟ್‌ಡೋರಿನ ಎರಡೂ ವಾಲ್ವು ಮುಚ್ಚಿಯೇ ಇರುತ್ತವೆ. ಪೈಪು ಮತ್ತು ಇಂಡೋರ್ ಕಾಯಿಲ್‌ಗೆ ಮಾತ್ರ ರೆಗ್ಯುಲೇಟರ್ ಮೂಲಕ ನೈಟ್ರೋಜನ್ ತುಂಬುವುದು. ಮೊದಲು 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ನಿಲ್ಲಿಸಿ ಕಿವಿಗೊಟ್ಟು ಕೇಳಬೇಕು, ಆಮೇಲೆ 200, ಆಮೇಲೆ 400. ಇಷ್ಟೊಂದು ಯಾಕೆ ಅಂದರೆ, ಆರ್-32 ಗ್ಯಾಸು 45 ಡಿಗ್ರಿಯಲ್ಲಿ ಸುಮ್ಮನೆ ನಿಂತಿದ್ದರೂ ಅದರ ಒತ್ತಡ ಸುಮಾರು 390 ಪಿಎಸ್‌ಐ. ನಮ್ಮೂರಿನ ಮೇ ತಿಂಗಳಲ್ಲಿ ಬಂದ್ ಮಾಡಿಟ್ಟ ಎಸಿಯ ಜಾಯಿಂಟು ಕೂಡ ಅಷ್ಟನ್ನು ತಡೆಯಬೇಕು. 100 ಪಿಎಸ್‌ಐಗೆ ಸೋಪು ನೊರೆ ಹಚ್ಚಿ ಲೀಕಿಲ್ಲ ಅನ್ನುವುದರಲ್ಲಿ ಅರ್ಥವಿಲ್ಲ. ಮ್ಯಾನ್ಯುಯಲ್ಲಿನಲ್ಲಿ ಬರೆದ ಗರಿಷ್ಠ ಒತ್ತಡವನ್ನು ಮಾತ್ರ ದಾಟಬಾರದು. ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ತಂದು ಹಾಕುವುದು ಪ್ರಾಣಕ್ಕೆ ಅಪಾಯ. ಎಣ್ಣೆಯ ಜತೆ ಸೇರಿ ಒತ್ತಡದಲ್ಲಿ ಸಿಡಿಯುತ್ತದೆ.

9:40ಕ್ಕೆ 400 ಪಿಎಸ್‌ಐ, ನೆರಳಲ್ಲಿ 31 ಡಿಗ್ರಿ. 10:30ಕ್ಕೆ 404, 34 ಡಿಗ್ರಿ. ಒತ್ತಡ ಏರಿದ್ದಕ್ಕೆ ಗಾಬರಿ ಬೇಡ. ಈ ಮಟ್ಟದಲ್ಲಿ ಒಂದು ಡಿಗ್ರಿಗೆ ಸುಮಾರು 1.4 ಪಿಎಸ್‌ಐ ಏರುತ್ತದೆ, ಮೂರು ಡಿಗ್ರಿಗೆ ನಾಲ್ಕು. ಲೆಕ್ಕ ಕೂಡಿತು. ಬಿಸಿಲೇರುವ ಹೊತ್ತಿನಲ್ಲಿ ಒತ್ತಡ ಅಲ್ಲೇ ನಿಂತಿದ್ದರೆ ಅದೇ ಅನುಮಾನದ ವಿಷಯ: ಬಿಸಿಗೆ ಏರಬೇಕಾದದ್ದು ಲೀಕಿಗೆ ಹೋಗಿರುತ್ತದೆ. ತಾಪಮಾನ ಬರೆದಿಡದೆ ಒತ್ತಡ ಮಾತ್ರ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿಂದ ಮುಂದೆ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಇಡೀ ಫಿಟ್ಟಿಂಗಿನಲ್ಲಿ ಅತಿ ಹೆಚ್ಚು ಬಿಟ್ಟುಬಿಡುವ ಕೆಲಸ, ಬಿಟ್ಟರೆ ಅತಿ ಹೆಚ್ಚು ಕಾಡುವ ಕೆಲಸ. ಸೀಸನ್ನಿನಲ್ಲಿ ದಿನಕ್ಕೆ ಐದಾರು ಎಸಿ ಮುಗಿಸಬೇಕಾದ ಹುಡುಗರು ಮಾಡುವುದೇನೆಂದರೆ, ದಪ್ಪ ಪೈಪಿನ ನಟ್ಟು ಸಡಿಲಿಸಿ, ಸಣ್ಣ ವಾಲ್ವು ಮೂರು-ನಾಲ್ಕು ಸೆಕೆಂಡು ತೆರೆದು, ಎಸಿಯ ಗ್ಯಾಸಿನಿಂದಲೇ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ, ಒಂದು ಎಸಿಗೆ ಇಷ್ಟೆಂದು ಕೂಲಿ ಕೊಡುವ ಪದ್ಧತಿ ಅವರನ್ನು ಹಾಗೆ ಓಡಿಸುತ್ತದೆ. ಆದರೆ ಪರಿಣಾಮ ನೋಡಿ. ತುಂಬಿದ ಗ್ಯಾಸೇ ಒಂದು ಕಿಲೋ ಒಳಗೆ, ಅದರಲ್ಲಿ ಎಷ್ಟು ಗ್ರಾಂ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಹೋದ ಗ್ಯಾಸು ವಾತಾವರಣವನ್ನು ಕಾರ್ಬನ್ ಡೈ ಆಕ್ಸೈಡಿಗಿಂತ 675 ಪಟ್ಟು ಬಿಸಿ ಮಾಡುವಂಥದ್ದು. ಕಾಯಿಲಿನ ಮೂಲೆಗಳಲ್ಲಿ ಗಾಳಿ ಉಳಿದೇ ಇರುತ್ತದೆ, ತೇವ ಅಂತೂ ಜಾಗ ಬಿಟ್ಟು ಕದಲುವುದಿಲ್ಲ.

ಆ ತೇವವೇ ದೊಡ್ಡ ಶತ್ರು. ಆರ್-32 ಕಂಪ್ರೆಸರಿನಲ್ಲಿರುವ ಸಿಂಥೆಟಿಕ್ ಎಣ್ಣೆ ನೀರನ್ನು ಹೀರಿಕೊಳ್ಳುತ್ತದೆ, ಬಿಸಿಗೆ ಒಡೆದು ಆಮ್ಲವಾಗುತ್ತದೆ, ಆ ಆಮ್ಲ ವೈಂಡಿಂಗಿನ ಲೇಪವನ್ನು ತಿನ್ನುತ್ತದೆ. ಒಂದು ವರ್ಷವೋ ಎರಡು ವರ್ಷವೋ ಕಳೆದು ಕಂಪ್ರೆಸರ್ ಸುಟ್ಟಾಗ ವೋಲ್ಟೇಜ್ ಮೇಲೆ ಗೂಬೆ ಕೂರಿಸುತ್ತಾರೆ. ನೀರನ್ನು ಪೈಪಿನಿಂದ ತೆಗೆಯುವ ದಾರಿ ಒಂದೇ: ಒತ್ತಡವನ್ನು ಎಷ್ಟು ಇಳಿಸಬೇಕೆಂದರೆ ನೀರು ಇದ್ದಲ್ಲೇ ಕುದಿದು ಆವಿಯಾಗಿ ಪಂಪಿನ ಬಾಯಿಂದ ಹೋಗಬೇಕು. 25 ಡಿಗ್ರಿಯಲ್ಲಿ ನೀರು ಕುದಿಯಲು ಒತ್ತಡ ಸುಮಾರು 24,000 ಮೈಕ್ರಾನಿಗೆ (ವ್ಯಾಕ್ಯೂಮಿನ ಒತ್ತಡ ಅಳೆಯುವ ಸಣ್ಣ ಅಳತೆ) ಇಳಿಯಬೇಕು. ಎಣ್ಣೆಯಲ್ಲಿ ಸೇರಿದ್ದು, ಗೋಡೆಗೆ ಅಂಟಿದ್ದು ಎಲ್ಲ ಬಿಡಲಿ ಎಂದು 500 ಮೈಕ್ರಾನಿನ ಕೆಳಗೆ ಹೋಗುತ್ತೇವೆ.

ಮ್ಯಾನಿಫೋಲ್ಡ್ ಎಂಬ ಜೋಡಿ ಗೇಜಿನ ನೀಲಿ ಮುಳ್ಳು ಇದನ್ನು ತೋರಿಸಲಾರದು. ಇನ್ನೊಂದು ಸಂಗತಿ ಬಹಳ ಮಂದಿಗೆ ಹೊಳೆಯುವುದಿಲ್ಲ: ಗೇಜಿನ ಮೇಲೆ ಬರೆದ 30 ಇಂಚು (ಪಾದರಸದ ಎತ್ತರ) ಸಮುದ್ರಮಟ್ಟದ ಲೆಕ್ಕ. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳು 28ರ ಆಸುಪಾಸಿನಲ್ಲೇ ನಿಲ್ಲುತ್ತದೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 27ರ ಹತ್ತಿರ. ಮಂಗಳೂರಿನಲ್ಲಿ ಮಾತ್ರ 30 ಮುಟ್ಟುತ್ತದೆ. ಬೆಂಗಳೂರಲ್ಲಿ 27 ಕಂಡು ಪಂಪು ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವುದು ದಂಡ. ಮುಳ್ಳು ತಳ ಮುಟ್ಟಿತೆಂದು ಪಂಪು ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಡಿಜಿಟಲ್ ಮೈಕ್ರಾನ್ ಗೇಜು ಕೊಳ್ಳಿ. ಅದನ್ನು ಪಂಪಿನ ಪಕ್ಕದಲ್ಲಿ ಕೂರಿಸಬೇಡಿ, ಅಲ್ಲಿ ಅಂಕಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಪಂಪಿನಿಂದ ಆದಷ್ಟು ದೂರದ, ಪೈಪಿನ ಕಡೆಯ ತುದಿಗೆ ಇರಲಿ.

ಇವತ್ತಿನ ಅಂಕಿ: 22 ನಿಮಿಷಕ್ಕೆ 380 ಮೈಕ್ರಾನ್. ವಾಲ್ವು ಮುಚ್ಚಿ ಪಂಪು ಬಂದ್ ಮಾಡಿ ಹತ್ತು ನಿಮಿಷ ಕಾದಾಗ 520ಕ್ಕೆ ಏರಿ ನಿಂತಿತು. ನಿಂತಿತು ಅನ್ನುವುದೇ ಮುಖ್ಯ. ಎರಡು ಸಾವಿರದ ಹತ್ತಿರ ಹೋಗಿ ನಿಂತರೆ ತೇವ ಇನ್ನೂ ಇದೆ, ಸ್ವಲ್ಪ ಒಣ ನೈಟ್ರೋಜನ್ ಬಿಟ್ಟು ಮತ್ತೆ ಎಳೆಯಬೇಕು. ನಿಲ್ಲದೆ ಏರುತ್ತಲೇ ಹೋದರೆ ಲೀಕು, ಪೈಪಿನದೋ ನಿಮ್ಮ ಹೋಸಿನದೋ ಮೊದಲು ನೋಡಿ. ಹೋಸಿನ ವಾಷರು ಸವೆದದ್ದೇ ಹೆಚ್ಚು.

ಹೋಸು ಬಿಚ್ಚುವ ಮುನ್ನ ಸಣ್ಣ ವಾಲ್ವನ್ನು ಎರಡು ಸೆಕೆಂಡು ತೆರೆದು ಮುಚ್ಚಿ. ಒಳಗೆ ತುಸು ಒತ್ತಡ ಇದ್ದರೆ ಬಿಚ್ಚುವಾಗ ಗಾಳಿ ಒಳಗೆ ನುಗ್ಗುವುದಿಲ್ಲ. ಆಮೇಲೆ ಎರಡೂ ವಾಲ್ವು ಪೂರ್ತಿ ತೆರೆದು, ಹಿತ್ತಾಳೆಯ ಟೋಪಿಗಳನ್ನು ಪಾನಾ ಹಾಕಿ ಬಿಗಿ ಮಾಡಿ. ಆ ಟೋಪಿ ಧೂಳಿಗಷ್ಟೇ ಅಲ್ಲ, ಲೀಕ್ ತಡೆಯುವ ಎರಡನೆಯ ಬಾಗಿಲು ಅದು.

ಕರೆಂಟಿನ ಕೆಲಸ ಬೇಗ ಹೇಳಿಬಿಡಬಹುದು. ಬೋರ್ಡಿನಿಂದ ಎಸಿಗೇ ಬೇರೆ ಲೈನು, 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರ್ ಸಿ ಟೈಪ್ ಎಂಸಿಬಿ, ಸರಿಯಾದ ಅರ್ಥಿಂಗ್. ಒಳ-ಹೊರ ಯೂನಿಟ್ಟಿನ ನಡುವಿನ ಕೇಬಲ್ಲಿಗೆ ಮಧ್ಯೆ ಜಾಯಿಂಟ್ ಹಾಕಬೇಡಿ. ನಂಬರಿಗೆ ನಂಬರು ಕೂಡದಿದ್ದರೆ ಕಮ್ಯುನಿಕೇಶನ್ ಎರರ್ ಬರುತ್ತದೆ, ಬೋರ್ಡು ಕೆಟ್ಟಿದೆಯೆಂದು ಮೂರು ದಿನ ಹುಡುಕುತ್ತೀರಿ.

ಡ್ರೈನ್ ಪೈಪಿನ ವಿಷಯದಲ್ಲಿ ನಮ್ಮ ಕಡೆಯ ಬೇಸಿಗೆ ಮೋಸ ಮಾಡುತ್ತದೆ. ಏಪ್ರಿಲ್‌ನ ಒಣ ಗಾಳಿಯಲ್ಲಿ ನೀರು ಬರುವುದೇ ಕಡಿಮೆ, ಇಳಿಜಾರು ತಪ್ಪಿದ್ದರೂ ತಿಳಿಯುವುದಿಲ್ಲ. ಜುಲೈನಲ್ಲಿ ಗಾಳಿ ತೇವವಾದಾಗ ನೀರೆಲ್ಲ ಹಾಸಿಗೆಯ ಮೇಲೆ. ಅದಕ್ಕೇ ಇಂಡೋರಿನ ಫಿಲ್ಟರು ತೆಗೆದು ಕಾಯಿಲಿನ ಮೇಲೆ ನಿಧಾನವಾಗಿ ಎರಡು ಲೀಟರ್ ನೀರು ಹೊಯ್ದು, ಹೊರಗೆ ಎರಡೂ ಲೀಟರ್ ಬಂತೇ ನೋಡಬೇಕು. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ಎಲ್ಲೂ ಗೂನು ಇರಬಾರದು, ತುದಿ ಬಕೆಟ್ಟಿನ ನೀರಲ್ಲಿ ಮುಳುಗಿರಬಾರದು.

ಗ್ಯಾಸು ಹೆಚ್ಚುವರಿ ಹಾಕಬೇಕಾಗಲಿಲ್ಲ. ಇವತ್ತಿನ ಮಾಡೆಲ್ಲಿಗೆ 5 ಮೀಟರ್ ತನಕ ಕಾರ್ಖಾನೆಯ ಗ್ಯಾಸು ಸಾಕು. ಅದಕ್ಕೂ ಉದ್ದವಾದರೆ ಲೇಬಲ್ಲಿನಲ್ಲಿ ಮೀಟರಿಗೆ ಇಷ್ಟು ಗ್ರಾಂ ಎಂದಿರುತ್ತದೆ, ತಕ್ಕಡಿಯಲ್ಲಿ ತೂಗಿ ಹಾಕಬೇಕು. ಇನ್ವರ್ಟರಿನಲ್ಲಿ ಕಂಪ್ರೆಸರ್ ವೇಗ ಬದಲಾಗುತ್ತಲೇ ಇರುವುದರಿಂದ ಒತ್ತಡ ನೋಡಿ ಅಂದಾಜಿಗೆ ಹಾಕುವುದು ಸುಳ್ಳು ಲೆಕ್ಕ. ಹಾಗೆಯೇ, ಪ್ರತಿ ವರ್ಷ ಗ್ಯಾಸ್ ಖಾಲಿಯಾಗಿದೆ ಎಂದು ಯಾರಾದರೂ ತುಂಬಲು ಬಂದರೆ ಮನೆಯವರು ಲೀಕ್ ಎಲ್ಲಿದೆ ತೋರಿಸಿ ಎಂದು ಕೇಳಬೇಕು. ಎಸಿ ಗ್ಯಾಸನ್ನು ಉರಿಸುವುದಿಲ್ಲ, ಅದು ಒಳಗೇ ಸುತ್ತುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ.

ಚಾಲೂ ಮಾಡಿದ್ದು 18 ಡಿಗ್ರಿಗೆ ಇಟ್ಟು, ಫ್ಯಾನು ಜೋರು. 20 ನಿಮಿಷದ ನಂತರ ಒಳಹೋಗುವ ಗಾಳಿ 33 ಡಿಗ್ರಿ, ಬರುವ ಗಾಳಿ 20, ಕರೆಂಟು 7.2 ಆಂಪಿಯರ್. ಪರೀಕ್ಷೆ ಮುಗಿದ ಮೇಲೆ ರಿಮೋಟನ್ನು 26ಕ್ಕೆ ಇಟ್ಟು, ಮೇಲೆ ಫ್ಯಾನು ಎರಡರಲ್ಲಿ.

ಪೈಪು 4.5 ಮೀಟರ್, ಹೆಚ್ಚುವರಿ ಗ್ಯಾಸು ಸೊನ್ನೆ, ವ್ಯಾಕ್ಯೂಮ್ 380ರಿಂದ 520, ಇವತ್ತಿನ ತಾರೀಕು, ಇಷ್ಟನ್ನೂ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು ಔಟ್‌ಡೋರಿನ ವೈರಿಂಗ್ ಮುಚ್ಚಳದ ಒಳಗಡೆ ಅಂಟಿಸಿದೆ. ಮುಂದೆ ಆ ಮುಚ್ಚಳ ತೆಗೆಯುವವರು ಯಾರೇ ಇರಲಿ, ಅವರಿಗೆ ಮೊದಲು ಬೇಕಾಗುವುದು ಈ ನಾಲ್ಕು ಅಂಕಿ.